ಸಿಂಪ್ಲೆಕ್ಟಿಕ್ ಜ್ಯಾಮಿತಿಯ ಬೇಸಿಗೆ ಶಾಲೆ: ಯಾರಿಗೆ ಯಾವುದು?

ಕೊಡಗಿನಲ್ಲಿ ಕಾಫಿ ಕೊಯ್ಲು ನಡೆಯುವ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ದಿನಗಳಲ್ಲೇ ಹೊರದೇಶದ ಗಣಿತ ಸಂಸ್ಥೆಗಳು ತಮ್ಮ ಬೇಸಿಗೆ ಶಾಲೆಗಳಿಗೆ ಅರ್ಜಿ ಕರೆಯುತ್ತವೆ. ಆ ಹೊತ್ತಿಗೆ ಮನೆಯವರೆಲ್ಲ ತೋಟದಲ್ಲೋ ಕಣದಲ್ಲೋ ಇರುತ್ತಾರೆ, ಓದಲು ಹೊರಗೆ ಹೋದ ಮಕ್ಕಳೂ ರಜೆ ಸಿಕ್ಕಿದೊಡನೆ ಬಂದು ಅಲ್ಲಿಗೇ ಸೇರುತ್ತಾರೆ, ಕೊಯ್ಲು ಮುಗಿದು ಹೂಮಳೆಗಾಗಿ ಆಕಾಶ ನೋಡುವ ಮಾರ್ಚ್‌ನಲ್ಲಿ ಅರ್ಜಿಯ ನೆನಪಾಗುವಷ್ಟರಲ್ಲಿ ಗಡುವು ದಾಟಿರುತ್ತದೆ. ಈ ಸಲ ಇಬ್ಬರು ಮೊದಲೇ ಎಚ್ಚೆತ್ತುಕೊಂಡು ನನ್ನನ್ನು ಕೇಳಿದರು. ಒಬ್ಬರು ಮಡಿಕೇರಿ ಕಡೆಯ ಪದವಿ ಕಾಲೇಜೊಂದರ ಅತಿಥಿ ಉಪನ್ಯಾಸಕಿ. ಪಾಠ ಹೇಳುತ್ತಲೇ ಪಿಎಚ್‌ಡಿಗೆ ನೋಂದಾಯಿಸಿಕೊಂಡು ಎರಡು ವರ್ಷವಾಗಿದೆ. ಇನ್ನೊಬ್ಬ ಗೋಣಿಕೊಪ್ಪಲಿನ ಹುಡುಗ. ಹೊರರಾಜ್ಯದ ಸಂಸ್ಥೆಯೊಂದರಲ್ಲಿ ಪಿಎಚ್‌ಡಿಯ ನಾಲ್ಕನೆಯ ವರ್ಷದಲ್ಲಿದ್ದಾನೆ. ಇಬ್ಬರ ವಿಷಯವೂ ಸಿಂಪ್ಲೆಕ್ಟಿಕ್ ಜ್ಯಾಮಿತಿ, ಅಂದರೆ ಸ್ಥಾನ ಮತ್ತು ಸಂವೇಗಗಳನ್ನು ಜೋಡಿಯಾಗಿ ಇಟ್ಟು ನೋಡುವ ಜ್ಯಾಮಿತಿ. 'ಸರ್, ಯಾವ ಶಾಲೆಗೆ ಹಾಕಲಿ?' ಎಂದು ಇಬ್ಬರೂ ಒಂದೇ ಪ್ರಶ್ನೆ ಕೇಳಿದರು. ಇಬ್ಬರಿಗೂ ನಾನು ಬೇರೆ ಬೇರೆ ಉತ್ತರ ಕೊಡಬೇಕಾಯಿತು. ಆ ಉತ್ತರಗಳ ಹಿಂದಿನ ಲೆಕ್ಕಾಚಾರವನ್ನು, ಇದೇ ಹಾದಿಯಲ್ಲಿರುವ ಇತರರಿಗೂ ಉಪಯೋಗವಾದೀತೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಉಪನ್ಯಾಸ ಕೇಳುವುದಷ್ಟೇ ಉದ್ದೇಶವಾಗಿದ್ದರೆ ಯಾವ ಶಾಲೆಗೂ ಹೋಗಬೇಕಾದ ಅಗತ್ಯವಿಲ್ಲ. ಪ್ಯಾರಿಸ್ ಬಳಿಯ ಐಎಚ್‌ಇಎಸ್ ಸಂಸ್ಥೆಯಲ್ಲಿ 2015ರ ಜುಲೈನಲ್ಲಿ ನಡೆದ, ಸಿಂಪ್ಲೆಕ್ಟಿಕ್ ಜ್ಯಾಮಿತಿಯ ಮಾಡ್ಯುಲೈ ಸಮಸ್ಯೆಗಳನ್ನು (ಒಂದು ಬಗೆಯ ವಸ್ತುಗಳನ್ನೆಲ್ಲ ಒಟ್ಟಿಗೆ ಸೇರಿಸಿ ನೋಡುವ ಪ್ರಶ್ನೆಗಳನ್ನು) ಕುರಿತ ಬೇಸಿಗೆ ಶಾಲೆಯ ವೀಡಿಯೊಗಳನ್ನು ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದು. ಅಮೆರಿಕದ ಪಾರ್ಕ್ ಸಿಟಿ ಗಣಿತ ಸಂಸ್ಥೆಯು 1997ರ ತನ್ನ ಬೇಸಿಗೆ ಶಾಲೆಯನ್ನು ಸಿಂಪ್ಲೆಕ್ಟಿಕ್ ಜ್ಯಾಮಿತಿಗೇ ಮೀಸಲಿಟ್ಟಿತ್ತು. ಅಲ್ಲಿನ ಪಾಠಗಳು 1999ರಲ್ಲಿ ಪುಸ್ತಕವಾಗಿ ಬಂದವು, ಅದರಲ್ಲಿರುವ ಡೀಟ್ಮರ್ ಸಾಲಮನ್ ಅವರ ಫ್ಲೋರ್ ಹೋಮಾಲಜಿಯ (ಹೋಮಾಲಜಿ ಎಂದರೆ ಆಕಾರದ ತೂತುಗಳನ್ನು ಎಣಿಸುವ ಬೀಜಗಣಿತ) ಉಪನ್ಯಾಸಗಳನ್ನು ಹೊಸಬರು ಇಂದಿಗೂ ಓದುತ್ತಾರೆ. ಇಷ್ಟೆಲ್ಲ ಕೈಗೆ ಸಿಗುತ್ತಿದ್ದರೂ ನಾವು ವಸತಿ ಶಾಲೆಗೆ ಹೋಗುವುದು ಉಪನ್ಯಾಸ ಮುಗಿದ ಮೇಲಿನ ಹೊತ್ತಿಗಾಗಿ. ಮಧ್ಯಾಹ್ನದ ಲೆಕ್ಕ ಬಿಡಿಸುವ ಗುಂಪು, ಊಟದ ಮೇಜಿನ ವಾದ, ರಾತ್ರಿ ಹತ್ತಕ್ಕೆ ಕಾರಿಡಾರಿನ ಬೋರ್ಡಿನ ಮುಂದೆ 'ಇದು ಯಾಕೆ ಹೀಗೆ?' ಎಂದು ಕೇಳಿಕೊಳ್ಳಲು ಸಿಗುವ ಇನ್ನೊಬ್ಬ ಮನುಷ್ಯ, ಇವು ವೀಡಿಯೊದಲ್ಲಿ ಸಿಗುವುದಿಲ್ಲ. ಕೊಡಗಿನಲ್ಲಿ ಕೂತು ಈ ವಿಷಯವನ್ನು ಓದುವವರಿಗಂತೂ ಮಾತನಾಡಲು ಅಕ್ಕಪಕ್ಕದಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಶಾಲೆಗಳನ್ನು ಹೋಲಿಸುವಾಗ ನಾನು ಉಪನ್ಯಾಸಕರ ಪಟ್ಟಿಗಿಂತ ಮೊದಲು ವೇಳಾಪಟ್ಟಿಯನ್ನು ತೆರೆದು, ಅದರಲ್ಲಿ ಖಾಲಿ ಬಿಟ್ಟಿರುವ ಗಂಟೆಗಳನ್ನು ಎಣಿಸುತ್ತೇನೆ.

ಈ ಅಭ್ಯಾಸ ನನಗೆ ಬಂದದ್ದು ಒಮ್ಮೆ ಎಡವಿದ ಮೇಲೆ. ಪಿಎಚ್‌ಡಿಯ ಮೊದಲ ವರ್ಷದಲ್ಲಿ ದೊಡ್ಡ ಹೆಸರುಗಳಿಗೆ ಮರುಳಾಗಿ ಯುರೋಪಿನ ಒಂದು ಶಾಲೆಗೆ ಹೋಗಿದ್ದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ದಿನಕ್ಕೆ ಐದು ಉಪನ್ಯಾಸಗಳಿದ್ದವು. ಒಂದೊಂದೂ ಚೆನ್ನಾಗಿಯೇ ಇತ್ತು. ಮೂರನೆಯ ದಿನದಿಂದ ನಾನು ಮಾಡಿದ್ದು ಬೋರ್ಡನ್ನು ನೋಟ್‌ಬುಕ್ಕಿಗೆ ಇಳಿಸುವ ಕೆಲಸ ಮಾತ್ರ. ಆ ನೋಟ್‌ಬುಕ್ ಈಗಲೂ ಕಪಾಟಿನಲ್ಲಿದೆ, ತೆರೆದು ನೋಡಿದರೆ ಬರೆದವನು ಬೇರೆ ಯಾರೋ ಎನ್ನಿಸುತ್ತದೆ. ಎರಡು ವರ್ಷದ ಮೇಲೆ ಹೋದ ಇನ್ನೊಂದು ಸಣ್ಣ ಶಾಲೆಯಲ್ಲಿ ಬೆಳಿಗ್ಗೆ ಎರಡೇ ಉಪನ್ಯಾಸಗಳಿದ್ದು, ಉಳಿದ ಹೊತ್ತು ನಮ್ಮ ಪಾಲಿಗೆ ಬಿಟ್ಟಿದ್ದರು. ಅಲ್ಲಿ ರಾತ್ರಿ ಊಟದ ಹೊತ್ತಿಗೆ ಬ್ರೆಜಿಲಿನ ವಿದ್ಯಾರ್ಥಿಯೊಬ್ಬ ಕಾಗದದ ಕರವಸ್ತ್ರದ ಮೇಲೆ ಒಂದು ವೃತ್ತ ಎಳೆದು, ಸಮತಲದ ತಿರುಗುವಿಕೆಗಳ ಹಾದಿಗೆ ಕಾನ್ಲಿ–ಝೆಂಡರ್ ಸೂಚ್ಯಂಕ, ಅಂದರೆ ಹಾದಿ ಎಷ್ಟು ಸುತ್ತಿತೆಂದು ಎಣಿಸುವ ಪೂರ್ಣಾಂಕ, ಎಷ್ಟೆಂದು ಕೇಳಿದ. ಪೂರ್ಣ ಸುತ್ತು ಮುಗಿಯುವ ಮೊದಲು ಅದು 1, ಒಂದು ಸುತ್ತು ದಾಟಿದ ಕೂಡಲೇ 3, ಎರಡು ದಾಟಿದರೆ 5, ಹೀಗೆ ಪ್ರತಿ ಸುತ್ತಿಗೆ ಎರಡೆರಡು ಹೆಚ್ಚುತ್ತ ಹೋಗುತ್ತದೆ ಎನ್ನುವುದನ್ನು ಸೂಪ್ ಆರಿಹೋಗುವವರೆಗೆ ಜಗಳವಾಡಿ ಕಂಡುಕೊಂಡೆವು. ಅದನ್ನು ಮರೆತಿಲ್ಲ, ಮರೆಯುವುದೂ ಇಲ್ಲ.

ಒಂದೇ ಹೆಸರು, ಹಲವು ವಿಷಯ

'ಸಿಂಪ್ಲೆಕ್ಟಿಕ್' ಎಂಬ ಪದವನ್ನು ಗಣಿತಕ್ಕೆ ತಂದವರು ಹರ್ಮನ್ ವೈಲ್, 1939ರಲ್ಲಿ. ಹ್ಯಾಮಿಲ್ಟನ್ನರ ಯಂತ್ರಶಾಸ್ತ್ರದಿಂದ ಹುಟ್ಟಿದ ಈ ಜ್ಯಾಮಿತಿಯ ವಿಚಿತ್ರವೆಂದರೆ, ಡಾರ್ಬೂ ಪ್ರಮೇಯದ ಪ್ರಕಾರ ಇದರಲ್ಲಿ ಯಾವ ಬಿಂದುವಿನ ಸುತ್ತ ನೋಡಿದರೂ ಒಂದೇ ತೆರನಾಗಿರುತ್ತದೆ. ವಕ್ರತೆಯಂತಹ ಸ್ಥಳೀಯ ಗುರುತು ಯಾವುದೂ ಇಲ್ಲ. ಹಾಗಾಗಿ ಇಲ್ಲಿನ ಗಟ್ಟಿ ಪ್ರಶ್ನೆಗಳೆಲ್ಲ ಇಡೀ ಆಕಾರವನ್ನು ಕುರಿತ ಟೊಪಾಲಜಿಯ ಪ್ರಶ್ನೆಗಳೇ ಆಗುತ್ತವೆ. ನಮ್ಮ ಅಡುಗೆಮನೆಯಿಂದಲೇ ಒಂದು ಉದಾಹರಣೆ ಕೊಡಬಹುದು. ಕಡಂಬುಟ್ಟಿನ (ಅಕ್ಕಿ ಕಡುಬಿನ) ಉಂಡೆಯಷ್ಟು ಹಿಟ್ಟನ್ನು ನೂಪುಟ್ಟು (ಒತ್ತು ಶಾವಿಗೆ) ಒತ್ತುವ ಒರಳಿಗೆ ಹಾಕಿ ಒತ್ತಿದರೆ ಅದು ಸಣ್ಣ ತೂತುಗಳಿಂದ ಎಳೆಯೆಳೆಯಾಗಿ ಇಳಿಯುತ್ತದೆ. ಆಕಾರ ಬದಲಾದರೂ ಹಿಟ್ಟಿನ ಒಟ್ಟು ಗಾತ್ರ ಮೊದಲಿನಷ್ಟೇ ಉಳಿಯುತ್ತದೆ. ಗಾತ್ರವನ್ನಷ್ಟೇ ಕಾಪಾಡುವ ರೂಪಾಂತರಕ್ಕೆ ಇದು ಸಲೀಸು. ಸಿಂಪ್ಲೆಕ್ಟಿಕ್ ರೂಪಾಂತರಕ್ಕೆ ಮಾತ್ರ ಸಾಧ್ಯವಿಲ್ಲ: ಒಂದು ಸ್ಥಾನ ಮತ್ತು ಅದರದೇ ಸಂವೇಗ, ಈ ಜೋಡಿಯ ಮೇಲೆ ಕಟ್ಟಿದ ಕೊಳವೆಯ ತ್ರಿಜ್ಯ ಉಂಡೆಯ ತ್ರಿಜ್ಯಕ್ಕಿಂತ ಕಡಿಮೆಯಿದ್ದರೆ, ಕೊಳವೆ ಎಷ್ಟೇ ಉದ್ದವಿರಲಿ, ಉಂಡೆ ಅದರೊಳಗೆ ಹಿಡಿಸುವುದೇ ಇಲ್ಲ. ಇದನ್ನು ಮಿಖಾಯಿಲ್ ಗ್ರೊಮೊವ್ 1985ರಲ್ಲಿ ಸಾಧಿಸಿ ತೋರಿಸಿದರು. ಅದಕ್ಕೆ ಅವರು ಬಳಸಿದ ಸ್ಯೂಡೋಹೋಲೋಮಾರ್ಫಿಕ್ ವಕ್ರಗಳೇ (ಸಂಕೀರ್ಣ ಸಂಖ್ಯೆಗಳ ಜ್ಯಾಮಿತಿಯ ವಕ್ರಗಳನ್ನು ಹೋಲುವ ಮೇಲ್ಮೈಗಳು) ಈ ಕ್ಷೇತ್ರದ ಮುಖ್ಯ ಸಲಕರಣೆಯಾದವು.

ಶಾಲೆಯನ್ನು ಆರಿಸುವವರಿಗೆ ಇದರಿಂದ ಏನು ತಿಳಿಯಬೇಕೆಂದರೆ, ಪ್ರಕಟಣೆಯ ಮೇಲಿನ 'ಸಿಂಪ್ಲೆಕ್ಟಿಕ್' ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ತಯಾರಿ ಬೇಡುವ ನಾಲ್ಕೈದು ವಿಷಯಗಳಿವೆ. ಗ್ರೊಮೊವ್ ಅವರ ವಕ್ರಗಳು ಮತ್ತು ಆಂಡ್ರಿಯಾಸ್ ಫ್ಲೋರ್ 1980ರ ದಶಕದಲ್ಲಿ ಕಟ್ಟಿದ ಹೋಮಾಲಜಿಯನ್ನು ಕಲಿಸುವ ಶಾಲೆಗೆ ಸೊಬೊಲೆವ್ ಸ್ಪೇಸ್, ಫ್ರೆಡ್‌ಹೋಮ್ ಆಪರೇಟರ್, ಎಲಿಪ್ಟಿಕ್ ಸಮೀಕರಣಗಳ ಪರಿಚಯ ಬೇಕು. ಗ್ರೂಪ್ ಕ್ರಿಯೆ (ಆಕಾರದ ಸಮ್ಮಿತಿಗಳು) ಮತ್ತು ಮೊಮೆಂಟ್ ಮ್ಯಾಪ್ (ಆ ಸಮ್ಮಿತಿಗಳಿಂದ ಬದಲಾಗದೆ ಉಳಿಯುವ ರಾಶಿಗಳು) ಕಡೆಯ ಶಾಲೆ ಇದಕ್ಕಿಂತ ಬಹಳ ಸೌಮ್ಯವಾದದ್ದು. ಅತಿಯಾ, ಗಿಲೆಮಿನ್ ಮತ್ತು ಸ್ಟರ್ನ್‌ಬರ್ಗ್ 1982ರಲ್ಲಿ ಸಾಧಿಸಿದ ಕಾನ್ವೆಕ್ಸಿಟಿ ಪ್ರಮೇಯ, 1988ರ ಡೆಲ್ಜಾಂಟ್ ವರ್ಗೀಕರಣ, ಇವುಗಳ ಮೂಲಕ ಮ್ಯಾನಿಫೋಲ್ಡಿನ, ಅಂದರೆ ಬಾಗಿದ ಆಕಾರದ, ಪ್ರಶ್ನೆಗಳು ಬಹುಮುಖಿಗಳ ಲೆಕ್ಕವಾಗಿ ಇಳಿಯುತ್ತವೆ. ಲೀ ಗ್ರೂಪ್ ಮತ್ತು ಡಿಫರೆನ್ಷಿಯಲ್ ಫಾರ್ಮ್ ಗೊತ್ತಿದ್ದರೆ ಮೊದಲ ದಿನದಿಂದಲೇ ಕೈಯಾಡಿಸಬಹುದು. ಬೆಸ ಆಯಾಮದಲ್ಲಿ ಸಿಂಪ್ಲೆಕ್ಟಿಕ್ಕಿಗೆ ಜೊತೆಗಾರನಾದ ಕಾಂಟ್ಯಾಕ್ಟ್ ಟೊಪಾಲಜಿಯ ಶಾಲೆಗಳಲ್ಲಿ ಗಂಟುಗಳನ್ನು, ಮೂರು ಆಯಾಮದ ಚಿತ್ರಗಳನ್ನು ಹೆಚ್ಚು ಬಿಡಿಸುತ್ತಾರೆ. ಕೊಂಟ್ಸೆವಿಚ್ 1994ರಲ್ಲಿ ಮುಂದಿಟ್ಟ ಹೋಮೊಲಾಜಿಕಲ್ ಮಿರರ್ ಸಿಮೆಟ್ರಿಯ (ಸಿಂಪ್ಲೆಕ್ಟಿಕ್ ಜ್ಯಾಮಿತಿಯನ್ನು ಬೀಜಗಣಿತದ ಜ್ಯಾಮಿತಿಯ ಕನ್ನಡಿಯಲ್ಲಿ ನೋಡುವ) ಶಾಲೆಯಾದರೆ ಡಿರೈವ್ಡ್ ಕ್ಯಾಟಗರಿ ಗೊತ್ತಿಲ್ಲದವರು ಎರಡನೆಯ ದಿನವೇ ಕೈಬಿಡಬೇಕಾಗುತ್ತದೆ. ವಕ್ರಗಳ ಮಾಡ್ಯುಲೈ ಸ್ಪೇಸುಗಳ ಬುನಾದಿಯನ್ನೇ ಚರ್ಚಿಸುವ ಪಾಲಿಫೋಲ್ಡ್, ಕುರಾನಿಶಿ ರಚನೆಗಳ ಶಾಲೆಗೆ ಹೊಸಬರು ಹೋಗಲೇಬಾರದೆಂದು ನನ್ನ ಅಭಿಪ್ರಾಯ. ಮನೆಯೊಳಗೆ ಒಮ್ಮೆಯೂ ಕಾಲಿಡದವರಿಗೆ ಅಡಿಪಾಯದ ಬಿರುಕಿನ ಬಗ್ಗೆ ಹೇಳಿದರೆ ಏನು ತಿಳಿದೀತು?

ನಿಮ್ಮ ಮಟ್ಟವನ್ನು ನೀವೇ ನೋಡಿಕೊಳ್ಳಲು ನಾಲ್ಕು ಪ್ರಶ್ನೆ ಸಾಕು. ಬೆಸ ಆಯಾಮದಲ್ಲಿ ಸಿಂಪ್ಲೆಕ್ಟಿಕ್ ಫಾರ್ಮ್ ಯಾಕೆ ಇರಲಾರದು? ನಾಲ್ಕು ಆಯಾಮದ ಗೋಳದ ಮೇಲೆ ಯಾಕೆ ಇಲ್ಲ? ಮೋಸರ್ 1965ರಲ್ಲಿ ತೋರಿಸಿದ ಉಪಾಯದಿಂದ ಡಾರ್ಬೂ ಪ್ರಮೇಯವನ್ನು ಸಾಧಿಸುವುದು ಹೇಗೆ? ಅಕ್ಷದ ಸುತ್ತ ತಿರುಗುವ ಗೋಳಕ್ಕೆ ಎತ್ತರವೇ ಮೊಮೆಂಟ್ ಮ್ಯಾಪ್ ಎಂಬುದಕ್ಕೂ, ಸಮಾನ ಎತ್ತರದ ಪಟ್ಟಿಗಳಿಗೆ ಸಮಾನ ವಿಸ್ತೀರ್ಣ ಎಂಬ ಆರ್ಕಿಮಿಡೀಸನ ಹಳೆಯ ಮಾತಿಗೂ ಏನು ಸಂಬಂಧ? ಮೊದಲನೆಯದಕ್ಕೆ ಡಿಟರ್ಮಿನೆಂಟ್ ಸಾಕು. ಎರಡನೆಯದಕ್ಕೆ ಸ್ಟೋಕ್ಸ್ ಪ್ರಮೇಯ ಸಾಕು: ಆ ಗೋಳದ ಎರಡನೆಯ ಕೊಹೊಮಾಲಜಿ ಸೊನ್ನೆಯಾದ್ದರಿಂದ ಫಾರ್ಮ್ ಎಕ್ಸಾಕ್ಟ್ ಆಗುತ್ತದೆ, ಅದರ ವರ್ಗವೂ (ಫಾರ್ಮನ್ನು ಅದರಿಂದಲೇ ಗುಣಿಸಿದ್ದು) ಎಕ್ಸಾಕ್ಟ್ ಆಗಿ ಅನುಕಲ ಸೊನ್ನೆಗಿಳಿಯುತ್ತದೆ, ಆದರೆ ಆ ವರ್ಗವೇ ಗಾತ್ರದ ಫಾರ್ಮ್, ಅದರ ಅನುಕಲ ಸೊನ್ನೆಯಾಗುವಂತಿಲ್ಲ. ನಾಲ್ಕರಲ್ಲಿ ಎರಡನ್ನು ಪುಸ್ತಕ ತೆರೆಯದೆ ಬರೆಯಲಾಗದಿದ್ದರೆ ಮೊದಲು ಅಡಿಪಾಯದ ಶಾಲೆ. ನಾಲ್ಕನ್ನೂ ಬರೆಯಬಲ್ಲವರಾದರೆ ಎಲ್ಲಿಗೆ ಬೇಕಾದರೂ ಅರ್ಜಿ ಹಾಕಬಹುದು.

ಮನೆಗೆ ಹತ್ತಿರದವು

ನಮ್ಮ ದೇಶದಲ್ಲಿ ಮೊದಲು ನೋಡಬೇಕಾದದ್ದು ರಾಷ್ಟ್ರೀಯ ಗಣಿತ ಕೇಂದ್ರ ನಡೆಸುವ ಶಾಲೆಗಳನ್ನು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಮತ್ತು ಐಐಟಿ ಬಾಂಬೆ ಸೇರಿ ಕಟ್ಟಿದ ಈ ಕೇಂದ್ರವು ಪಿಎಚ್‌ಡಿಯ ಆರಂಭದಲ್ಲಿರುವವರಿಗೆ ಬುನಾದಿ ಶಾಲೆಗಳನ್ನೂ, ಮುಂದೆ ಹೋದವರಿಗೆ ಒಂದೊಂದು ವಿಷಯದ ಉನ್ನತ ಬೋಧನಾ ಶಾಲೆಗಳನ್ನೂ ದೇಶದ ಬೇರೆ ಬೇರೆ ಸಂಸ್ಥೆಗಳಲ್ಲಿ ಏರ್ಪಡಿಸುತ್ತದೆ. ಆಯ್ಕೆಯಾದವರಿಗೆ ಊಟ, ವಸತಿ, ರೈಲಿನ ಖರ್ಚು ಸಿಗುತ್ತದೆ. ಪ್ರತಿದಿನ ಉಪನ್ಯಾಸದ ಜೊತೆಗೆ ಟ್ಯುಟೋರಿಯಲ್ ಕಡ್ಡಾಯವಾಗಿ ಇರುತ್ತದೆ. ನನ್ನ ಅಳತೆಗೋಲಿನಲ್ಲಿ ಇದೇ ಇವುಗಳ ದೊಡ್ಡ ಗುಣ. ಹೆಸರಿನ ಹೊಳಪಿಲ್ಲದಿದ್ದರೂ ಕೈಯಿಂದ ಲೆಕ್ಕ ಮಾಡಿಸುತ್ತಾರೆ. ದೋಷವೆಂದರೆ ವಿಷಯ ವರ್ಷವರ್ಷಕ್ಕೆ ಬದಲಾಗುತ್ತದೆ. ಡಿಫರೆನ್ಷಿಯಲ್ ಟೊಪಾಲಜಿ ಸಿಗುವಷ್ಟು ಸುಲಭವಾಗಿ ಸಿಂಪ್ಲೆಕ್ಟಿಕ್ ಸಿಗುವುದಿಲ್ಲ. ಆದರೆ ಮೇಲಿನ ನಾಲ್ಕು ಪ್ರಶ್ನೆಗಳಲ್ಲಿ ತಡವರಿಸಿದವರಿಗೆ ಬೇಕಾದದ್ದೂ ಅದೇ ಡಿಫರೆನ್ಷಿಯಲ್ ಟೊಪಾಲಜಿ.

ಎಂಎಸ್ಸಿ ಇನ್ನೂ ಮುಗಿಯದವರಿಗೆ ಇವು ಕೂಡ ಸ್ವಲ್ಪ ಬೇಗವಾದೀತು. ಅವರಿಗೆ ಎಸ್. ಕುಮರೇಶನ್ 1993ರಲ್ಲಿ ಆರಂಭಿಸಿದ ಎಂಟಿಟಿಎಸ್ ಎಂಬ ಗಣಿತ ತರಬೇತಿ ಶಿಬಿರವೇ ಸರಿ. ಅಲ್ಲಿ ಅಧ್ಯಾಪಕರು ಪಾಠ ಒಪ್ಪಿಸುವ ಬದಲು ಪ್ರಶ್ನೆ ಕೇಳುತ್ತ ಕೇಳುತ್ತ ವಿದ್ಯಾರ್ಥಿಗಳಿಂದಲೇ ಸಾಧನೆಯನ್ನು ಹೊರಡಿಸುತ್ತಾರೆ.

ಬೆಂಗಳೂರಿನ ಹೆಸರಘಟ್ಟ ಕಡೆಯ ಐಸಿಟಿಎಸ್ (ಸೈದ್ಧಾಂತಿಕ ವಿಜ್ಞಾನಗಳ ಅಂತರರಾಷ್ಟ್ರೀಯ ಕೇಂದ್ರ) ಬೇರೆ ಬಗೆಯದು. 2007ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ವರ್ಷವಿಡೀ ಕಾರ್ಯಕ್ರಮಗಳನ್ನು ನಡೆಸುತ್ತದೆ, ಅವುಗಳಲ್ಲಿ ಗಣಿತಕ್ಕೂ ಪಾಲಿದೆ, ಕ್ಯಾಂಪಸ್ಸಿನೊಳಗೇ ವಸತಿಯೂ ಇದೆ. ಮಡಿಕೇರಿಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅಲ್ಲಿರಬಹುದು. ಆದರೆ ಅಲ್ಲಿನ ಕಾರ್ಯಕ್ರಮಗಳಲ್ಲಿ ಸಂಶೋಧನಾ ಸಮ್ಮೇಳನದ ಭಾಗ ಯಾವುದು, ಕಲಿಕೆಯ ಭಾಗ ಯಾವುದು ಎಂದು ನೋಡಿಕೊಂಡು ಅರ್ಜಿ ಹಾಕಬೇಕು. ಕಲಿಕೆಯ ವಾರಕ್ಕೆ ಹೋಗಿ, ಸಮ್ಮೇಳನದ ವಾರಕ್ಕೆ ಊರಿಗೆ ವಾಪಸಾದರೂ ಕಳೆದುಕೊಳ್ಳುವುದು ಹೆಚ್ಚೇನಿಲ್ಲ.

ಟ್ರೀಸ್ಟೆ

ಹೊರದೇಶದ ಮೊದಲ ಶಾಲೆಗೆ ನಾನು ಸಾಮಾನ್ಯವಾಗಿ ಸೂಚಿಸುವುದು ಇಟಲಿಯ ಟ್ರೀಸ್ಟೆಯಲ್ಲಿರುವ ಸೈದ್ಧಾಂತಿಕ ಭೌತವಿಜ್ಞಾನದ ಅಂತರರಾಷ್ಟ್ರೀಯ ಕೇಂದ್ರ ಐಸಿಟಿಪಿಯನ್ನು. ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಇದನ್ನು ಕಟ್ಟಿದ್ದೇ ನಮ್ಮಂತಹ ದೇಶಗಳ ವಿದ್ಯಾರ್ಥಿಗಳು ಒಂಟಿಯಾಗಿ ಉಳಿಯಬಾರದೆಂದು. ನೋಂದಣಿ ಶುಲ್ಕವಿಲ್ಲ, ಅಭಿವೃದ್ಧಿಶೀಲ ದೇಶಗಳವರಿಗೆ ಪ್ರಯಾಣ ಮತ್ತು ವಸತಿಗೆ ಸೀಮಿತ ನೆರವೂ ಇರುತ್ತದೆ. ಸಮುದ್ರದಂಚಿನ ಅತಿಥಿಗೃಹದಲ್ಲಿ ಉಳಿದುಕೊಂಡವರಿಗೆ ಸಂಜೆಯ ಹೊತ್ತು ಚರ್ಚೆಗೆ ಜನ ಸಿಗುತ್ತಾರೆ, ಮತ್ತು ಆ ಜನರಲ್ಲಿ ಸೆನೆಗಲ್, ವಿಯೆಟ್ನಾಂ, ಕೊಲಂಬಿಯಾದವರು ಇರುತ್ತಾರೆಯೇ ಹೊರತು ಎಲ್ಲರೂ ಒಂದೇ ಪ್ರಸಿದ್ಧ ವಿಶ್ವವಿದ್ಯಾಲಯದಿಂದ ಬಂದವರಾಗಿರುವುದಿಲ್ಲ. ಗೊತ್ತಿಲ್ಲವೆಂದು ಹೇಳಿಕೊಳ್ಳಲು ಹಿಂಜರಿಯುವವರಿಗೆ ಇದು ಸಣ್ಣ ಅನುಕೂಲವಲ್ಲ. ಫ್ರಾನ್ಸಿನಲ್ಲಿ 1978ರಿಂದ ಕೆಲಸ ಮಾಡುತ್ತಿರುವ ಸಿಂಪಾ ಎಂಬ ಸಂಸ್ಥೆಯ ಉದ್ದೇಶವೂ ಬಹುಮಟ್ಟಿಗೆ ಇದೇ; ಅದರ ಶಾಲೆಗಳು ಮಾತ್ರ ಅಭಿವೃದ್ಧಿಶೀಲ ದೇಶಗಳಲ್ಲೇ ನಡೆಯುವುದರಿಂದ ಕೆಲವೊಮ್ಮೆ ಭಾರತಕ್ಕೂ ಬರುತ್ತವೆ.

ಮೂರು ವಾರ, ಎರಡು ವಾರ, ಒಂದು ವಾರ

ಅಮೆರಿಕದ ಯೂಟಾ ರಾಜ್ಯದ ಪಾರ್ಕ್ ಸಿಟಿಯಲ್ಲಿ ಜುಲೈನಲ್ಲಿ ನಡೆಯುವ ಶಾಲೆ ಮೂರು ವಾರದ್ದು. ಪ್ರತಿ ಉಪನ್ಯಾಸ ಸರಣಿಗೂ ಲೆಕ್ಕ ಬಿಡಿಸುವ ಅವಧಿಗಳಿರುತ್ತವೆ, ಬೋಧನಾ ಸಹಾಯಕರೂ ಇರುತ್ತಾರೆ. ಮೂರು ವಾರವೆಂದರೆ ಮೊದಲ ವಾರ ತಿಳಿಯದ್ದು ಮೂರನೆಯ ವಾರಕ್ಕೆ ತಿಳಿಯುವಷ್ಟು ಕಾಲ. ಆದರೆ ವಿಷಯ ಪ್ರತಿವರ್ಷ ಬದಲಾಗುವುದರಿಂದ ನಿಮ್ಮ ಪಿಎಚ್‌ಡಿಯ ವರ್ಷಗಳಲ್ಲಿ ಸಿಂಪ್ಲೆಕ್ಟಿಕ್ ಬರುವುದು ಅದೃಷ್ಟದ ಮಾತು. ಬರ್ಕ್ಲಿಯಲ್ಲಿ 1982ರಿಂದ ಇರುವ, 2022ರಲ್ಲಿ ಎಂಎಸ್‌ಆರ್‌ಐ ಎಂಬ ಹೆಸರನ್ನು ಬಿಟ್ಟು ಎಸ್‌ಎಲ್‌ಮ್ಯಾತ್ ಆದ ಸಂಸ್ಥೆಯ ಶಾಲೆಗಳು ಸಾಮಾನ್ಯವಾಗಿ ಎರಡು ವಾರದವು. ಅವುಗಳಿಗೆ ಹೆಚ್ಚಾಗಿ ಪ್ರಾಯೋಜಕ ವಿಭಾಗಗಳೇ ತಮ್ಮ ವಿದ್ಯಾರ್ಥಿಗಳ ಹೆಸರು ಸೂಚಿಸುವುದರಿಂದ, ಹೊರಗಿನವರು ಅರ್ಜಿಗೆ ಕೂರುವ ಮೊದಲು ತಮಗೆ ಅವಕಾಶವಿದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಜರ್ಮನಿಯ ಕಪ್ಪು ಕಾಡಿನಲ್ಲಿರುವ ಓಬರ್‌ವೊಲ್ಫಾಖ್ ಸಂಸ್ಥೆಯ ಸೆಮಿನಾರುಗಳು ಒಂದೇ ವಾರದವು. ಪಿಎಚ್‌ಡಿ ವಿದ್ಯಾರ್ಥಿಗಳು ಮತ್ತು ಪೋಸ್ಟ್‌ಡಾಕ್‌ಗಳು ಸೇರಿ ಇಪ್ಪತ್ತೈದರಷ್ಟು ಜನ ಮಾತ್ರ. ಊಟ ವಸತಿ ಸಂಸ್ಥೆಯದೇ. ಅಲ್ಲಿ ಊಟದ ಮೇಜಿನ ಮೇಲೆ ಹೆಸರು ಬರೆದ ಕರವಸ್ತ್ರದ ಚೀಲಗಳನ್ನು ಪ್ರತಿ ಸಲ ಕಲಸಿ ಇಡುತ್ತಾರೆ. ಹಾಗಾಗಿ ಗೆಳೆಯರ ಪಕ್ಕದಲ್ಲೇ ಅಂಟಿಕೊಂಡು ಕೂರಲು ಆಗುವುದಿಲ್ಲ, ಮತ್ತೆ ಮತ್ತೆ ಹೊಸಬರ ಎದುರು ಕೂರಬೇಕಾಗುತ್ತದೆ. ಬುಧವಾರ ಮಧ್ಯಾಹ್ನ ಎಲ್ಲರೂ ಕಾಡಿನಲ್ಲಿ ನಡೆಯಲು ಹೋಗುತ್ತಾರೆ. ಖಾಲಿ ಗಂಟೆಯ ಬೆಲೆ ತಿಳಿದವರು ಮಾಡಿದ ಏರ್ಪಾಡು ಇದು. ಆದರೂ ಒಂದು ವಾರದಲ್ಲಿ ಅಡಿಪಾಯ ಹಾಕುವುದು ಆಗದ ಮಾತು. ವಿಷಯ ಒಮ್ಮೆ ಓದಿ ಮುಗಿಸಿ, ಎಲ್ಲಿ ಸಿಕ್ಕಿಕೊಂಡಿದ್ದೇನೆಂದು ಹೇಳಬಲ್ಲವರಿಗೆ ಮಾತ್ರ ಇದು ಸೂಕ್ತ.

ಮಾತನಾಡುವವರೇ ಅಡುಗೆಯವರು

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಮಾದರಿ ಬೆಳೆದಿದೆ. ಟ್ಯಾಲ್ಬಟ್ ಎಂಬ ಹೆಸರಿನ ಕಾರ್ಯಾಗಾರದಲ್ಲಿ ಟೊಪಾಲಜಿಯ ವಿದ್ಯಾರ್ಥಿಗಳು ಒಂದೇ ಮನೆಯಲ್ಲಿ ಒಂದು ವಾರ ಇದ್ದು, ಉಪನ್ಯಾಸಗಳನ್ನು ತಾವೇ ಹಂಚಿಕೊಂಡು ಕೊಡುತ್ತಾರೆ. ಹಿರಿಯರು ಒಬ್ಬಿಬ್ಬರು ಮಾರ್ಗದರ್ಶನಕ್ಕೆ ಇರುತ್ತಾರೆ. ಸಿಂಪ್ಲೆಕ್ಟಿಕ್ ಮತ್ತು ಕಾಂಟ್ಯಾಕ್ಟ್ ಜ್ಯಾಮಿತಿಗೆ ಇದೇ ಬಗೆಯಲ್ಲಿ ಅಮೆರಿಕದ ವಿದ್ಯಾರ್ಥಿಗಳೇ 2017ರಲ್ಲಿ ಆರಂಭಿಸಿದ್ದು ಕೈಲರೆಕ್. ಅಡುಗೆ, ಪಾತ್ರೆ, ಉಪನ್ಯಾಸ ಎಲ್ಲವೂ ಸರದಿಯ ಮೇಲೆ. ಕೊಡವರ ಮೂಲ ಮನೆಯಾದ ಐನ್‌ಮನೆಯಲ್ಲಿ ಒಕ್ಕದವರೆಲ್ಲ (ಕುಲದವರೆಲ್ಲ) ಸೇರಿ ಹಬ್ಬ ಮಾಡುವುದನ್ನು ನೋಡಿ ಬೆಳೆದವರಿಗೆ ಇದರ ಲಯ ತಕ್ಷಣ ಹಿಡಿಸುತ್ತದೆ.

ಕಲಿಕೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಮಾದರಿ ನಾನು ಕಂಡಿಲ್ಲ, ಏಕೆಂದರೆ ಒಂದು ಗಂಟೆ ಮಾತನಾಡಲು ಒಪ್ಪಿಕೊಂಡವನು ಅದಕ್ಕೆ ಮೊದಲು ಒಂದು ತಿಂಗಳು ಓದಿಯೇ ಓದುತ್ತಾನೆ. ಆದರೆ ಕಡಲಾಚೆಯ ಪ್ರಯಾಣದ ಖರ್ಚು ಒಂದು ವಾರಕ್ಕೆ ದುಬಾರಿ. ಮಾತನಾಡುವವರೂ ಕಲಿಯುವವರೇ ಆದ್ದರಿಂದ ಕೆಲವು ಉಪನ್ಯಾಸಗಳು ಅಸ್ಪಷ್ಟವಾಗಿಯೂ ಇರುತ್ತವೆ, ಅದನ್ನು ಸಹಿಸುವ ತಯಾರಿ ಬೇಕು.

ಕಣದ ಮೇಲೆ ಒಂದು ವಾರ

ಈ ಮಾದರಿಯನ್ನು ನಾವು ಇಲ್ಲೇ ಒಮ್ಮೆ ಪ್ರಯತ್ನಿಸಿದ್ದೆವು. ಆಯ್ಕೆಗಳ ಸಾಲಿನಲ್ಲಿ ಇದನ್ನೂ ಸೇರಿಸಬೇಕೆಂಬುದು ನನ್ನ ಒತ್ತಾಯ. ಏಪ್ರಿಲ್ ತಿಂಗಳಲ್ಲಿ ನಾವು ಐದು ಜನ ಕಕ್ಕಬ್ಬೆ ಕಡೆಯ ಒಂದು ಹೋಂಸ್ಟೇಯಲ್ಲಿ ಆರು ದಿನ ಉಳಿದು, ಗರಿಷ್ಠ, ಕನಿಷ್ಠ ಬಿಂದುಗಳಿಂದ ಆಕಾರವನ್ನು ಅರಿಯುವ ಮೋರ್ಸ್ ಸಿದ್ಧಾಂತದಿಂದ ಹೊರಟು ಫ್ಲೋರ್ ಹೋಮಾಲಜಿಯ ಬಾಗಿಲವರೆಗೆ ಓದುವುದೆಂದು ಗೊತ್ತುಮಾಡಿಕೊಂಡೆವು. ಬೋರ್ಡು ಇರಲಿಲ್ಲ. ಕೊಯ್ಲು ಮುಗಿದು ಖಾಲಿ ಬಿದ್ದಿದ್ದ ಕಾಫಿ ಕಣವೇ ನಮ್ಮ ಬೋರ್ಡಾಯಿತು. ಕಣದ ಸಿಮೆಂಟನ್ನು ಚೌಕ ಚೌಕವಾಗಿ ಹಾಕಿದ್ದರು. ಎದುರುಬದುರಿನ ಅಂಚುಗಳನ್ನು ಒಂದೇ ಎಂದುಕೊಂಡರೆ ಒಂದೊಂದು ಚೌಕವೂ ಒಂದೊಂದು ಟೋರಸ್, ಅಂದರೆ ನಡುವೆ ತೂತಿರುವ ವಡೆಯ ಮೇಲ್ಮೈ. ನಾಲ್ಕು ಮೂಲೆಗಳಲ್ಲಿ ನಾಲ್ಕು ಕಾಫಿ ಬೀಜ ಇಟ್ಟೆವು, ಅವು ನಾಲ್ಕೂ ಸೇರಿ ಒಂದೇ ಗರಿಷ್ಠ ಬಿಂದು. ಅಂಚುಗಳ ನಡುವೆ ಇಟ್ಟ ನಾಲ್ಕು ಬೀಜಗಳು ಜೋಡಿ ಜೋಡಿಯಾಗಿ ಎರಡೇ ಜೀನು (ಸ್ಯಾಡಲ್) ಬಿಂದುಗಳು. ನಟ್ಟನಡುವೆ ಒಂದು ಕನಿಷ್ಠ. ಸೀಮೆಸುಣ್ಣದಿಂದ ಮೂಲೆಯಿಂದ ಅಂಚಿನ ನಡುವಿಗೆ, ಅಲ್ಲಿಂದ ಕೇಂದ್ರಕ್ಕೆ ಇಳಿಯುವ ಗೆರೆಗಳನ್ನು ಎಳೆದಾಗ, ಪ್ರತಿ ಜೋಡಿಯ ನಡುವೆಯೂ ಸರಿಯಾಗಿ ಎರಡೆರಡು ಗೆರೆ ಬಂದು, ಬೆಸವೋ ಸಮವೋ ಎಂದಷ್ಟೇ ನೋಡುವ ಎರಡರ ಲೆಕ್ಕದಲ್ಲಿ ಎಲ್ಲವೂ ಸೊನ್ನೆಯಾಗಿ, ಟೋರಸ್ಸಿನ ಹೋಮಾಲಜಿ ನಾಲ್ಕು ಬೀಜಗುಂಪಾಗಿ ಕಣ್ಣೆದುರಿಗೇ ಉಳಿಯಿತು. ಆರ್ನಾಲ್ಡ್ ಊಹೆಯ ಪ್ರಕಾರ ಟೋರಸ್ಸಿನ ಮೇಲಿನ ಹ್ಯಾಮಿಲ್ಟೋನಿಯನ್ ಚಲನೆ, ಕ್ಷೀಣ ಬಿಂದುಗಳಿಲ್ಲದಿದ್ದರೆ, ಕಡಿಮೆಯೆಂದರೆ ನಾಲ್ಕು ಬಿಂದುಗಳನ್ನು ಅಲುಗದೆ ಬಿಡಬೇಕು. ಆ ನಾಲ್ಕು ಎಲ್ಲಿಂದ ಬಂತೆಂದು ನಮ್ಮಲ್ಲಿ ಯಾರಿಗೂ ಮತ್ತೆ ವಿವರಿಸಬೇಕಾಗಲಿಲ್ಲ. ಸಂಜೆ ಐದರ ಗುಡುಗು ಮಳೆಗೆ ಟೋರಸ್ಸುಗಳೆಲ್ಲ ತೊಳೆದುಹೋದವು. ತೋಟದ ಲೆಕ್ಕ ನೋಡುವ ರೈಟರು ಮಾತ್ರ ಮಾರನೆಯ ದಿನ ಬೀಜಗಳನ್ನು ಎಣಿಸಿ ವಾಪಸು ತೆಗೆದುಕೊಂಡರು.

ಖರ್ಚು ಹೊರದೇಶದ ವಿಮಾನದ ಟಿಕೆಟ್ಟಿನ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ನಷ್ಟವೂ ಇತ್ತೆಂದು ಹೇಳಬೇಕು: ತಿದ್ದುವ ಹಿರಿಯರು ಜೊತೆಗಿಲ್ಲದ್ದರಿಂದ ಒಂದೂವರೆ ದಿನವನ್ನು ಒಂದು ಋಣ ಚಿಹ್ನೆಗೆ ಕಳೆದೆವು. ಹ್ಯಾಮಿಲ್ಟೋನಿಯನ್ ವೆಕ್ಟರ್ ಫೀಲ್ಡಿನ ವ್ಯಾಖ್ಯೆಯಲ್ಲಿ ಕೆಲವು ಪುಸ್ತಕಗಳು ಧನ ಚಿಹ್ನೆ ಇಟ್ಟರೆ ಕೆಲವು ಋಣ ಚಿಹ್ನೆ ಇಡುತ್ತವೆ. ನಾವು ಎರಡು ಪುಸ್ತಕಗಳನ್ನು ಬೆರೆಸಿ ಓದಿದ್ದೆವು. ಬಲ್ಲವರೊಬ್ಬರಿದ್ದರೆ ಅದು ಎರಡು ನಿಮಿಷದ ಮಾತು. ಹಾಗಾಗಿ ಇದನ್ನು ದೊಡ್ಡ ಶಾಲೆಯ ಬದಲಿಗೆ ಅಲ್ಲ, ಅದಕ್ಕೆ ಹೋಗುವ ಮೊದಲಿನ ತಯಾರಿಗೆ ಇಟ್ಟುಕೊಳ್ಳಬೇಕು.

ದುಡ್ಡು, ವೀಸಾ, ರಜೆ, ಮಳೆ

ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. 2024ರ ಜೂನ್‌ನಿಂದ ಶುಲ್ಕ 90 ಯೂರೋ ಆಗಿದೆ, ಬೆಂಗಳೂರಿನಲ್ಲೇ ಸಲ್ಲಿಸಬಹುದು. ಅಮೆರಿಕದ ವೀಸಾಕ್ಕೆ ಚೆನ್ನೈ ಅಥವಾ ಹೈದರಾಬಾದಿನಂತಹ ಊರಿಗೆ ಹೋಗಬೇಕು, ಸಂದರ್ಶನದ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಿ ಬರಬಹುದು. ಏಪ್ರಿಲಿನಲ್ಲಿ ಆಯ್ಕೆಯ ಪತ್ರ ಬಂದು ಜುಲೈನಲ್ಲಿ ಶಾಲೆಯಿದ್ದರೆ, ಮೊದಲ ಸಲ ಹೊರಡುವವರಿಗೆ ಯುರೋಪೇ ನೆಮ್ಮದಿ. ಪ್ರಯಾಣದ ನೆರವಿಗೆ ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ ಯೋಜನೆಯಿದೆ. ಶಾಲೆಯ ಅರ್ಜಿಯ ಜೊತೆಗೇ ಅದರ ತಯಾರಿಯನ್ನೂ ಶುರುಮಾಡಬೇಕು.

ಅವರ ಬೇಸಿಗೆ ನಮಗೆ ಮಳೆಗಾಲ. ಜೂನ್, ಜುಲೈನಲ್ಲಿ ಊರಿನಿಂದ ಹೊರಡುವವರು ವಿಮಾನಕ್ಕೆ ಒಂದು ದಿನ ಮೊದಲೇ ಘಟ್ಟ ದಾಟಿರಬೇಕು. ವಿರಾಜಪೇಟೆಯವರಿಗೆ 2018ರ ಕೊನೆಯಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣ ಹತ್ತಿರವೆನಿಸಿದರೂ ಮಾಕುಟ್ಟದ ರಸ್ತೆಯನ್ನು ಭಾರಿ ಮಳೆಯಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವವರು ಪರೀಕ್ಷೆ, ಮೌಲ್ಯಮಾಪನದ ದಿನಗಳನ್ನೂ ನೋಡಿಕೊಳ್ಳಬೇಕು. ಅತಿಥಿ ಉಪನ್ಯಾಸಕರಿಗೆ ತರಗತಿ ತಪ್ಪಿದರೆ ಗೌರವಧನವೂ ತಪ್ಪಬಹುದಾದ್ದರಿಂದ, ಖರ್ಚಿನ ಲೆಕ್ಕದಲ್ಲಿ ಆ ಮೊತ್ತವನ್ನೂ ಬರೆದುಕೊಳ್ಳುವುದು ಪ್ರಾಮಾಣಿಕವಾದ ಲೆಕ್ಕ.

ಉಪನ್ಯಾಸಕಿಗೆ ನಾನು ಈ ವರ್ಷ ರಾಷ್ಟ್ರೀಯ ಗಣಿತ ಕೇಂದ್ರದ ಡಿಫರೆನ್ಷಿಯಲ್ ಟೊಪಾಲಜಿ ಇರುವ ಶಾಲೆ, ಮುಂದಿನ ವರ್ಷ ಟ್ರೀಸ್ಟೆ ಎಂದು ಹೇಳಿದೆ. ಅವರು ನಾಲ್ಕರಲ್ಲಿ ಮೂರು ಪ್ರಶ್ನೆಗೆ ಉತ್ತರ ಬರೆದು ತಂದಿದ್ದರು, ಮೋಸರ್ ಉಪಾಯದಲ್ಲಿ ಮಾತ್ರ ಸಿಕ್ಕಿಕೊಂಡಿದ್ದರು. ಒಂದೇ ವರ್ಷದಲ್ಲಿ ಎರಡಕ್ಕೂ ಅರ್ಜಿ ಹಾಕಿದರೂ ನಾನು ತಡೆಯುವುದಿಲ್ಲ. ಹುಡುಗನ ಥೀಸಿಸ್ಸು ಕಾಂಟ್ಯಾಕ್ಟ್ ಹೋಮಾಲಜಿಯ ಕಡೆಗೆ ತಿರುಗಿರುವುದರಿಂದ ಅವನಿಗೆ ಓಬರ್‌ವೊಲ್ಫಾಖ್ ಅಥವಾ ವಿದ್ಯಾರ್ಥಿಗಳೇ ನಡೆಸುವ ಕಾರ್ಯಾಗಾರ. ಅವನ ಮನಸ್ಸು ಮಾತ್ರ ಇನ್ನೂ ದಿನಕ್ಕೆ ಐದು ಉಪನ್ಯಾಸವಿರುವ ಒಂದು ದೊಡ್ಡ ಶಾಲೆಯ ಮೇಲಿದೆ. ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ಖಾಲಿ ಗಂಟೆಗಳನ್ನು ಅವನೇ ಎಣಿಸಲಿ ಎಂದು ಬಿಟ್ಟಿದ್ದೇನೆ.

ಇಬ್ಬರಿಗೂ ಹೇಳಿದ ಇನ್ನೊಂದು ಮಾತು ಗಡುವಿನ ಬಗ್ಗೆ. ಯುರೋಪಿನ ಸಂಸ್ಥೆ ಚಳಿಗಾಲದ ಯಾವುದೋ ದಿನದ ಮಧ್ಯರಾತ್ರಿಯವರೆಗೆ ಎಂದು ಬರೆದಿದ್ದರೆ, ಜರ್ಮನಿ, ಇಟಲಿಯ ಗಡಿಯಾರದಲ್ಲಿ ಅದು ನಮಗೆ ಮಾರನೆಯ ಬೆಳಗಿನ ನಾಲ್ಕೂವರೆ. ಆ ನಾಲ್ಕೂವರೆಯನ್ನು ನಂಬಿ ರಾತ್ರಿಯೆಲ್ಲ ಕೂರಬೇಡಿ. ಶಿಫಾರಸು ಪತ್ರ ಬರೆಯುವ ಗೈಡಿಗೂ ನಿದ್ದೆ ಬೇಕು, ತೋಟದ ಮನೆಯ ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ.